ಓವರ್‌ಕ್ಲಾಕಿಂಗ್‌ಗೆ ವಾಟರ್ ಕೂಲಿಂಗ್ ಅಪ್‌ಗ್ರೇಡ್: ಕೊಳ್ಳುವ ಮೊದಲು ನೀರಿನ ಬಿಸಿ ಅಳೆಯಿರಿ

ಓವರ್‌ಕ್ಲಾಕ್ ಮಾಡಿದ, ಅಂದರೆ ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸುವ ಸಿಪಿಯು 100 ಡಿಗ್ರಿ ಮುಟ್ಟಿದ ಕೂಡಲೇ ಹೆಚ್ಚಿನವರು ನೀರನ್ನು ತಣಿಸುವ ಇನ್ನೊಂದು ರೇಡಿಯೇಟರ್ ತರಿಸುತ್ತಾರೆ. ಎಷ್ಟೋ ಸಲ ಅದರಿಂದ ಎರಡು ಡಿಗ್ರಿ ಕೂಡ ಇಳಿಯುವುದಿಲ್ಲ. ಏಕೆಂದರೆ ತೊಂದರೆ ಇದ್ದದ್ದು ಚಿಪ್ ಮತ್ತು ಅದರ ಬಿಸಿಯನ್ನು ನೀರಿಗೆ ದಾಟಿಸುವ ವಾಟರ್ ಬ್ಲಾಕ್ ನಡುವೆ. ಯಾವ ಭಾಗ ಬದಲಿಸಬೇಕು ಅಂತ ಖಚಿತವಾಗಿ ತಿಳಿಯಬೇಕಾದರೆ ನೀರಿನ ಬಿಸಿ ಗೊತ್ತಿರಬೇಕು. ಅದನ್ನು ಅಳೆಯುವ ಸೆನ್ಸರ್ ಇಡೀ ಅಪ್‌ಗ್ರೇಡ್‌ನಲ್ಲೇ ಅಗ್ಗದ ವಸ್ತುಗಳಲ್ಲಿ ಒಂದು. ಅದನ್ನೇ ಮೊದಲು ಕೊಳ್ಳಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗಾಗಲೇ ಕಸ್ಟಮ್ ಲೂಪ್ (ಬ್ಲಾಕ್, ಪಂಪ್, ರೇಡಿಯೇಟರ್ ಎಲ್ಲವನ್ನೂ ಟ್ಯೂಬಿನಲ್ಲಿ ನಾವೇ ಜೋಡಿಸಿದ ನೀರಿನ ಸುತ್ತು) ಇದ್ದು, ಅದನ್ನು ಇನ್ನಷ್ಟು ಬಲಪಡಿಸಬೇಕು ಅನ್ನುವವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ನಿಮ್ಮ ಬಳಿ ಎಐಒ ಕೂಲರ್ (ಕಾರ್ಖಾನೆಯಲ್ಲೇ ನೀರು ತುಂಬಿ ಮುಚ್ಚಿದ ರೆಡಿಮೇಡ್ ವಾಟರ್ ಕೂಲರ್) ಇದ್ದರೂ ಅಳತೆಯ ಲೆಕ್ಕ ಅನ್ವಯಿಸುತ್ತದೆ, ಸೆನ್ಸರ್ ಪ್ಲಗ್ ಮಾತ್ರ ಹೆಚ್ಚಿನ ಎಐಒಗಳಿಗೆ ಹಾಕಲಾಗದು. ಆದರೆ ಎಐಒದ ರೇಡಿಯೇಟರನ್ನು ಬಿಚ್ಚಿ ಕಸ್ಟಮ್ ಲೂಪಿಗೆ ಸೇರಿಸುವ ಯೋಚನೆ ಬೇಡ. ಕಾರಣ ಮುಂದೆ ಬರುತ್ತದೆ.

ಬಿಸಿ ಎಷ್ಟು ಏರುತ್ತದೆ?

ಚಿಪ್ ತಿನ್ನುವ ವಿದ್ಯುತ್ತೆಲ್ಲ ಬಿಸಿಯಾಗಿ ಹೊರಬರುತ್ತದೆ. ಅದು ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜ್ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ಇಂಟೆಲ್ ಐ9-13900ಕೆ ಉದಾಹರಣೆ ತೆಗೆದುಕೊಳ್ಳೋಣ. ಇಂಟೆಲ್ ಕೊಟ್ಟಿರುವ ಟರ್ಬೋ ಮಿತಿ 253 ವ್ಯಾಟ್. ಎಲ್ಲ ಪಿ-ಕೋರ್‌ಗಳೂ (ವೇಗದ ಕೋರ್‌ಗಳು) 5.5 ಗಿಗಾಹರ್ಟ್ಸ್‌ನಲ್ಲಿ, 1.25 ವೋಲ್ಟ್‌ನಲ್ಲಿ ಓಡುತ್ತಿವೆ ಅಂದುಕೊಳ್ಳಿ. ಅದನ್ನು 5.7ಕ್ಕೆ ಏರಿಸಲು 1.35 ವೋಲ್ಟ್ ಬೇಕಾಯಿತು. ವೇಗ ಏರಿದ್ದು ಶೇ. 3.6. ವೋಲ್ಟೇಜ್ ಏರಿದ್ದು ಶೇ. 8. ಎರಡೂ ಸೇರಿ ಬಿಸಿ ಏರಿದ್ದು ಶೇ. 21. ಅಂದರೆ 253 ವ್ಯಾಟ್ ಇದ್ದದ್ದು 305ರ ಆಸುಪಾಸಿಗೆ ಹೋಯಿತು. ಚಿಪ್ ಬಿಸಿಯಾದಷ್ಟೂ ಒಳಗೆ ಸೋರುವ ಕರೆಂಟ್ ಕೂಡ ಜಾಸ್ತಿಯಾಗುವುದರಿಂದ ನಿಜವಾದ ಅಂಕಿ ಇನ್ನೂ ಸ್ವಲ್ಪ ಮೇಲಿರುತ್ತದೆ.

ಇದರ ಜೊತೆ 350 ವ್ಯಾಟ್‌ನ ಗ್ರಾಫಿಕ್ಸ್ ಕಾರ್ಡನ್ನೂ ಅದೇ ಲೂಪಿಗೆ ತಂದರೆ ಒಟ್ಟು ಸುಮಾರು 650 ವ್ಯಾಟ್ ಆಯಿತು. ಅಷ್ಟೂ ಬಿಸಿ ನಿಮ್ಮ ಕೋಣೆಯ ಗಾಳಿಗೇ ಬರುತ್ತದೆ.

ಮೊದಲ ಹೆಜ್ಜೆ: ಮೂರು ಅಂಕಿಗಳನ್ನು ಬರೆದಿಟ್ಟುಕೊಳ್ಳಿ

ಬೇಕಾದ ಅಂಕಿಗಳು ಮೂರು: ಕೋರ್ ತಾಪಮಾನ, ನೀರಿನ ತಾಪಮಾನ, ರೇಡಿಯೇಟರ್ ಒಳಗೆ ಹೋಗುವ ಗಾಳಿಯ ತಾಪಮಾನ. ಕೋರ್ ಬಿಸಿಯನ್ನು ಎಚ್‌ಡಬ್ಲ್ಯುಇನ್ಫೋ ಅನ್ನುವ ಸಾಫ್ಟ್‌ವೇರ್ ತೋರಿಸುತ್ತದೆ. ನೀರಿಗೆ 10ಕೆ ಥರ್ಮಿಸ್ಟರ್ ಇರುವ, ಜಿ 1/4 ಥ್ರೆಡ್‌ನ ಸೆನ್ಸರ್ ಪ್ಲಗ್ ಬರುತ್ತದೆ. ಅದನ್ನು ಖಾಲಿ ಪೋರ್ಟಿಗೆ ಹಾಕಿ, ಎರಡು ಪಿನ್‌ನ ವೈರನ್ನು ಮದರ್‌ಬೋರ್ಡಿನ ಸೆನ್ಸರ್ ಹೆಡರಿಗೆ ಚುಚ್ಚಬೇಕು. ಹೆಡರ್ ಇಲ್ಲದಿದ್ದರೆ ಪ್ರತ್ಯೇಕ ಫ್ಯಾನ್ ಕಂಟ್ರೋಲರ್ ಬೇಕು. ಗಾಳಿಗೆ ಮಾಮೂಲಿ ಥರ್ಮಾಮೀಟರ್ ಸಾಕು, ಅದನ್ನು ಫ್ಯಾನ್‌ನ ಮುಂದೆಯೇ ಹಿಡಿಯಿರಿ. ಕೋಣೆಯ ಮೂಲೆಯಲ್ಲಿ ಅಳೆದರೆ ಪ್ರಯೋಜನವಿಲ್ಲ.

ಸೆನ್ಸರ್ ಬರುವವರೆಗೆ ಅಂದಾಜಿಗೆ ಒಂದು ಉಪಾಯ ಇದೆ. ಅರ್ಧ ಗಂಟೆ ಭಾರಿ ಲೋಡ್ ಕೊಟ್ಟು ಒಮ್ಮೆಲೇ ನಿಲ್ಲಿಸಿ. ಕೋರ್ ತಾಪಮಾನ ಕೆಲವೇ ಸೆಕೆಂಡಿನಲ್ಲಿ ಧಡಾರನೆ ಇಳಿದು ಒಂದು ಮಟ್ಟದಲ್ಲಿ ನಿಲ್ಲುತ್ತದೆ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಆ ನಿಂತ ಮಟ್ಟ ನೀರಿನ ಬಿಸಿಗೆ ಹತ್ತಿರ ಇರುತ್ತದೆ, ನೀರು ಅದಕ್ಕಿಂತ ಸ್ವಲ್ಪ ತಣ್ಣಗಿರುತ್ತದೆ.

ಅಳೆಯುವಾಗ ಅವಸರ ಬೇಡ. ಸಿಪಿಯುಗೆ ಭಾರಿ ಲೋಡ್ ಕೊಡುವ ಸಿನಿಬೆಂಚ್ ಆರ್23 ಅಥವಾ ಒಸಿಸಿಟಿ ಹಾಕಿ, 20ರಿಂದ 30 ನಿಮಿಷ ಬಿಡಿ. ಕೋರ್ ಕ್ಷಣದಲ್ಲಿ ಬಿಸಿಯಾಗುತ್ತದೆ, ನೀರು ನಿಧಾನ. ಐದು ನಿಮಿಷದ ಅಂಕಿ ನಂಬಿ ಹಣ ಹಾಕಬೇಡಿ.

ಈಗ ಎರಡು ಕಳೆಯುವ ಲೆಕ್ಕ. ಕೋರ್‌ನಿಂದ ನೀರನ್ನು ಕಳೆಯಿರಿ. ಈ ಅಂತರ ಚಿಪ್, ಪೇಸ್ಟ್ (ಚಿಪ್ ಮತ್ತು ಬ್ಲಾಕ್ ನಡುವೆ ಹಚ್ಚುವ ಥರ್ಮಲ್ ಪೇಸ್ಟ್), ಬ್ಲಾಕ್ ಮೂವರ ಕಥೆ ಹೇಳುತ್ತದೆ. ನೀರಿನಿಂದ ಗಾಳಿಯನ್ನು ಕಳೆಯಿರಿ. ಇದು ರೇಡಿಯೇಟರ್ ಮತ್ತು ಫ್ಯಾನ್‌ಗಳ ಕಥೆ.

ಕೋರ್ 97, ನೀರು 36, ಗಾಳಿ 28 ಬಂತು ಅಂದುಕೊಳ್ಳಿ. ನೀರು ಗಾಳಿಗಿಂತ ಎಂಟೇ ಡಿಗ್ರಿ ಮೇಲಿದೆ, ರೇಡಿಯೇಟರ್ ಚೆನ್ನಾಗಿ ದುಡಿಯುತ್ತಿದೆ. ಎಷ್ಟೇ ದೊಡ್ಡ ರೇಡಿಯೇಟರ್ ತಂದರೂ ಹೆಚ್ಚೆಂದರೆ ಆ ಎಂಟರಲ್ಲಿ ಮೂರ್ನಾಲ್ಕು ಉಳಿಸಬಹುದು. ಉಳಿದ 61 ಡಿಗ್ರಿ ಬ್ಲಾಕಿನ ಕಡೆ ಸಿಕ್ಕಿಕೊಂಡಿದೆ, ಕೆಲಸ ಅಲ್ಲಿ ಆಗಬೇಕು. ಇನ್ನೊಂದು ಕಡೆ ಕೋರ್ 92, ನೀರು 50, ಗಾಳಿ 30 ಬಂದರೆ ರೇಡಿಯೇಟರ್ ಸಾಲುತ್ತಿಲ್ಲ ಅಥವಾ ಧೂಳು ಕಟ್ಟಿದೆ. ಮೂರನೆಯ ಸಾಧ್ಯತೆ ಕೂಡ ಇದೆ: ಕೋಣೆ 28 ಇದ್ದರೂ ರೇಡಿಯೇಟರ್‌ಗೆ ಹೋಗುವ ಗಾಳಿ 38 ಇರುತ್ತದೆ. ಮೇಲ್ಗಡೆ ಕೂರಿಸಿದ ರೇಡಿಯೇಟರ್ ಗ್ರಾಫಿಕ್ಸ್ ಕಾರ್ಡ್ ಉಗುಳಿದ ಬಿಸಿಗಾಳಿಯನ್ನೇ ಕುಡಿಯುವಾಗ ಹೀಗಾಗುತ್ತದೆ. ಆಗ ಕ್ಯಾಬಿನೆಟ್ಟಿನ ಗಾಳಿಯ ದಾರಿ ಸರಿಮಾಡಿದರೆ ಸಾಕು, ಹೊಸದೇನೂ ಬೇಕಿಲ್ಲ.

ಎಎಂಡಿ ರೈಜನ್ 7000 ಸರಣಿಯವರಿಗೆ ಒಂದು ಎಚ್ಚರಿಕೆ. 7950ಎಕ್ಸ್‌ನಂಥ ಚಿಪ್‌ಗಳು 95 ಡಿಗ್ರಿ ಮುಟ್ಟುವವರೆಗೂ ತಾವೇ ವೇಗ ಏರಿಸಿಕೊಳ್ಳುವಂತೆ ರೂಪಿಸಲಾಗಿದೆ. ಕೂಲಿಂಗ್ ಎಷ್ಟು ಒಳ್ಳೆಯದಾದರೂ 95 ಹಾಗೇ ಇರಬಹುದು, ಆದರೆ ವೇಗ ಏರಿರುತ್ತದೆ. ಅವರು ಕೋರ್ ತಾಪಮಾನದ ಜೊತೆ ವ್ಯಾಟ್, ಕ್ಲಾಕ್ ಮತ್ತು ಸ್ಕೋರ್ ಕೂಡ ಬರೆದಿಟ್ಟುಕೊಳ್ಳಬೇಕು.

ಏನು ಕೊಳ್ಳಬೇಕು

ಬ್ಲಾಕಿನ ಕಡೆ ಅಂತರ ಜಾಸ್ತಿ ಇದ್ದರೆ ಮೊದಲು ಹೊಸ ಪೇಸ್ಟ್ ಹಾಕಿ ನೋಡಿ. ಆಮೇಲೆ ಬ್ಲಾಕ್ ಬಿಚ್ಚಿ ಒಳಗೆ ನೀರು ಹರಿಯುವ ಸಣ್ಣ ಗೀರುಗಳಲ್ಲಿ ಕಸ ಸಿಕ್ಕಿದೆಯಾ ನೋಡಿ. ಇಂಟೆಲ್‌ನ ಎಲ್‌ಜಿಎ1700 ಸಾಕೆಟ್‌ನಲ್ಲಿ (ಐ9-13900ಕೆ ಕೂರುವುದು ಇದರಲ್ಲೇ) ಇನ್ನೊಂದು ಸಮಸ್ಯೆ ಇದೆ. ಉದ್ದನೆಯ ಚಿಪ್ಪನ್ನು ಸಾಕೆಟ್‌ನ ಕ್ಲಾಂಪ್ ಮಧ್ಯದಲ್ಲಿ ಒತ್ತುತ್ತದೆ. ಇದರಿಂದ ಮೇಲ್ಮೈ ಸ್ವಲ್ಪ ಬಾಗಿ ಬ್ಲಾಕ್ ಸರಿಯಾಗಿ ಕೂರುವುದಿಲ್ಲ. ಆ ಕ್ಲಾಂಪ್ ಬದಲು ಹಾಕುವ ಕಾಂಟ್ಯಾಕ್ಟ್ ಫ್ರೇಮ್ ಸಿಗುತ್ತದೆ, ಥರ್ಮಲ್‌ರೈಟ್ ಮತ್ತು ಥರ್ಮಲ್ ಗ್ರಿಜ್ಲಿ ಎರಡೂ ಮಾಡುತ್ತವೆ. ಸ್ಕ್ರೂ ಅತಿಯಾಗಿ ಬಿಗಿದರೆ ರ‍್ಯಾಮ್ ಗುರುತಿಸದೆ ಹೋಗಬಹುದು, ಹಾಗಾಗಿ ಕಾಲು ಕಾಲು ಸುತ್ತಿನಂತೆ ಹೋಗಿ. ಕ್ಲಾಂಪ್ ಬದಲಿಸಿದರೆ ವಾರಂಟಿ ಹೋಗಬಹುದು ಅಂತ ಇಂಟೆಲ್ ಹೇಳಿದೆ, ಅದು ಗೊತ್ತಿದ್ದು ಮಾಡಿ.

ರೇಡಿಯೇಟರ್ ಸಾಲದಿದ್ದರೆ ಹಳೆಯ ಹೆಬ್ಬೆಟ್ಟಿನ ಲೆಕ್ಕ ಇವತ್ತಿಗೂ ಕೆಲಸಕ್ಕೆ ಬರುತ್ತದೆ: ಪ್ರತಿ 100 ವ್ಯಾಟ್‌ಗೆ ಒಂದು 120 ಮಿಲಿಮೀಟರ್ ಫ್ಯಾನಿನ ಜಾಗ. ಸದ್ದಿಲ್ಲದ ಫ್ಯಾನ್ ವೇಗದಲ್ಲಿ ನೀರು ಗಾಳಿಗಿಂತ ಸುಮಾರು 10 ಡಿಗ್ರಿ ಮೇಲೆ ನಿಲ್ಲುತ್ತದೆ. ನಮ್ಮ 650 ವ್ಯಾಟ್‌ಗೆ ಎರಡು 360 ರೇಡಿಯೇಟರ್ (ಒಂದೊಂದಕ್ಕೆ ಮೂರು ಫ್ಯಾನ್) ಹಾಕಿದರೆ ಹೆಚ್ಚು ಕಡಿಮೆ ಸರಿಹೋಗುತ್ತದೆ. ಒಂದೇ 60 ಮಿಲಿಮೀಟರ್ ದಪ್ಪದ ರೇಡಿಯೇಟರ್‌ಗಿಂತ 30 ಮಿಲಿಮೀಟರ್‌ನ ಎರಡು ಒಳ್ಳೆಯದು. ದಪ್ಪದ್ದಕ್ಕೆ ಗಾಳಿ ನುಗ್ಗಿಸಲು ಫ್ಯಾನ್ ಜೋರಾಗಿ ತಿರುಗಬೇಕು. ಕೊಳ್ಳುವ ಮೊದಲು ಕ್ಯಾಬಿನೆಟ್ಟಿನಲ್ಲಿ ರೇಡಿಯೇಟರ್ ಮತ್ತು ಫ್ಯಾನ್ ಎರಡರ ದಪ್ಪವನ್ನೂ ಸೇರಿಸಿ ಸ್ಕೇಲಿನಲ್ಲಿ ಅಳೆಯಿರಿ. ಮೇಲ್ಗಡೆ ರ‍್ಯಾಮ್‌ಗೆ, ಮುಂದೆ ಗ್ರಾಫಿಕ್ಸ್ ಕಾರ್ಡಿಗೆ ತಾಗುವುದು ಸಾಮಾನ್ಯ. ಫ್ಯಾನ್ ಆರಿಸುವಾಗ ಸ್ಟ್ಯಾಟಿಕ್ ಪ್ರೆಷರ್ (ಅಡ್ಡಿಯ ನಡುವೆಯೂ ಗಾಳಿ ತಳ್ಳುವ ಶಕ್ತಿ) ಚೆನ್ನಾಗಿರಬೇಕು. ನಾಕ್ಟುವಾ ಎನ್‌ಎಫ್-ಎ12ಎಕ್ಸ್25 ಇದರಲ್ಲಿ ಹೆಸರಾದದ್ದು, ಕಡಿಮೆ ಬೆಲೆಗೆ ಆರ್ಕ್ಟಿಕ್ ಪಿ12 ಸಾಕಷ್ಟು ಒಳ್ಳೆಯದು.

ಪಂಪ್ ಬಗ್ಗೆ ಜನ ಅಗತ್ಯಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4,180 ಜೂಲ್ ಬೇಕು. ನಿಮಿಷಕ್ಕೆ 3 ಲೀಟರ್ ಹರಿಯುತ್ತಿದ್ದರೆ 300 ವ್ಯಾಟ್‌ನ ಚಿಪ್ ದಾಟುವಾಗ ನೀರು ಬಿಸಿಯಾಗುವುದು ಒಂದೂವರೆ ಡಿಗ್ರಿಗಿಂತ ಕಡಿಮೆ. ಹಾಗಾಗಿ ಸಿಪಿಯು ಮೊದಲೋ ಗ್ರಾಫಿಕ್ಸ್ ಕಾರ್ಡ್ ಮೊದಲೋ ಅನ್ನುವ ಜಗಳಕ್ಕೆ ಅರ್ಥವಿಲ್ಲ. ಟ್ಯೂಬ್ ಯಾವ ದಾರಿಯಲ್ಲಿ ಸಲೀಸೋ ಹಾಗೆ ಜೋಡಿಸಿ. ಹರಿವು ನಿಮಿಷಕ್ಕೆ ಒಂದು ಲೀಟರಿಗೆ ಇಳಿದರೆ ಮಾತ್ರ ವ್ಯತ್ಯಾಸ ಕಾಣುತ್ತದೆ. ಎರಡು ಬ್ಲಾಕ್, ಎರಡು ರೇಡಿಯೇಟರ್ ಇರುವ ಲೂಪಿಗೆ ಡಿ5 ಮಾದರಿಯ ಒಂದು ಪಂಪ್ ಸಾಕು.

ಗ್ರಾಫಿಕ್ಸ್ ಕಾರ್ಡಿಗೆ ಬ್ಲಾಕ್ ಹಾಕಲು ಹಣ ಇದ್ದರೆ ಹಾಕಿ. ಅಲ್ಲಿ ಚಿಪ್ಪಿನ ಮೇಲೆ ಲೋಹದ ಮುಚ್ಚಳ ಇಲ್ಲ, ಬ್ಲಾಕ್ ನೇರವಾಗಿ ಸಿಲಿಕಾನ್ ಮೇಲೆ ಕೂರುತ್ತದೆ. ಹಾಗಾಗಿ ಸಿಪಿಯುಗಿಂತ ಅಲ್ಲಿ ಸಿಗುವ ಲಾಭ ದೊಡ್ಡದು. ಆದರೆ ಬ್ಲಾಕ್ ನಿಮ್ಮ ಕಾರ್ಡಿನ ಬೋರ್ಡ್ ಮಾದರಿಗೇ ಹೊಂದಬೇಕು. ಒಂದೇ ಚಿಪ್ ಇರುವ ಎರಡು ಕಂಪನಿಯ ಕಾರ್ಡ್‌ಗಳಿಗೆ ಬ್ಲಾಕ್ ಬೇರೆ ಬೇರೆ ಇರಬಹುದು.

ಲೋಹದ ವಿಷಯದಲ್ಲಿ ರಾಜಿ ಬೇಡ. ತಾಮ್ರ, ಹಿತ್ತಾಳೆ, ನಿಕಲ್ ಒಟ್ಟಿಗೆ ಇರಬಹುದು. ಅಲ್ಯೂಮಿನಿಯಂ ಬಂದರೆ ನೀರಿನ ಮೂಲಕ ಎರಡು ಲೋಹಗಳ ನಡುವೆ ಬ್ಯಾಟರಿಯ ಹಾಗೆ ಕ್ರಿಯೆ ಶುರುವಾಗಿ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಎಐಒಗಳ ರೇಡಿಯೇಟರ್ ಹೆಚ್ಚಾಗಿ ಅಲ್ಯೂಮಿನಿಯಂನದ್ದೇ. ಅದಕ್ಕೇ ಅದನ್ನು ತಾಮ್ರದ ಲೂಪಿಗೆ ಸೇರಿಸಬಾರದು ಅಂದದ್ದು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಫ್ಯಾನ್, ಪೇಸ್ಟ್, ಎಐಒ ಸುಲಭವಾಗಿ ಸಿಗುತ್ತವೆ. ಫಿಟಿಂಗ್, ಬ್ಲಾಕ್ ತರಹದವನ್ನು ಹೆಚ್ಚಿನವರು ಆನ್‌ಲೈನ್‌ನಲ್ಲೇ ತರಿಸುವುದು. ಹಾಗಾಗಿ ಲೆಕ್ಕಕ್ಕಿಂತ ಎರಡು ಫಿಟಿಂಗ್, ಒಂದಷ್ಟು ಓ-ರಿಂಗ್, ಅರ್ಧ ಮೀಟರ್ ಟ್ಯೂಬ್ ಹೆಚ್ಚಿಗೆ ತರಿಸಿ. ಒಂದು ಫಿಟಿಂಗ್ ಕಮ್ಮಿ ಬಿದ್ದು ಇಡೀ ಕಂಪ್ಯೂಟರ್ ವಾರಗಟ್ಟಲೆ ಬಿಚ್ಚಿಕೊಂಡು ಕೂರುವುದು ಬೇಡ.

ಟ್ಯೂಬಿನಲ್ಲಿ ನನ್ನ ಆಯ್ಕೆ ಇಪಿಡಿಎಂ ರಬ್ಬರ್, 10/16 ಮಿಲಿಮೀಟರ್ (ಒಳವ್ಯಾಸ 10, ಹೊರವ್ಯಾಸ 16). ನೋಡಲು ಕಪ್ಪಗಿದೆ ನಿಜ. ಆದರೆ ಪಾರದರ್ಶಕ ಪಿವಿಸಿ ಟ್ಯೂಬಿನ ಹಾಗೆ ಅಂಟಂಟು ಪ್ಲಾಸ್ಟಿಸೈಜರ್ (ಟ್ಯೂಬನ್ನು ಮೆತ್ತಗಿಡುವ ರಾಸಾಯನಿಕ) ಬಿಟ್ಟು ಬ್ಲಾಕ್ ಕಟ್ಟಿಸುವುದಿಲ್ಲ. ಫಿಟಿಂಗ್ ಕೂಡ ಅದೇ 10/16 ಇರಬೇಕು. 10/13ರ ಫಿಟಿಂಗ್ ಇದಕ್ಕೆ ಕೂರುವುದಿಲ್ಲ.

ಹಳೆ ಲೂಪ್ ಬಿಚ್ಚುವುದು, ತೊಳೆಯುವುದು

ಕರೆಂಟಿನ ಪ್ಲಗ್ ಕಿತ್ತು, ಲೂಪಿನ ಅತಿ ಕೆಳಗಿನ ಜಾಗದಿಂದ ನೀರು ಇಳಿಸಿ. ರಿಸರ್ವಾಯರ್ (ನೀರು ತುಂಬುವ ತೊಟ್ಟಿ) ಮುಚ್ಚಳ ತೆರೆದರೆ ಗಾಳಿ ಒಳಗೆ ಹೋಗಿ ನೀರು ಬೇಗ ಇಳಿಯುತ್ತದೆ. ಆಮೇಲೆ ಕ್ಯಾಬಿನೆಟ್ ಓರೆ ಮಾಡಿ ಉಳಿದದ್ದನ್ನೂ ಹೊರಗೆ ಹಾಕಿ.

ಬ್ಲಾಕ್ ಬಿಚ್ಚುವಾಗ ಮೊಬೈಲಿನಲ್ಲಿ ಪ್ರತಿ ಹಂತದ ಫೋಟೋ ತೆಗೆಯಿರಿ. ಒಳಗಿನ ತೆಳು ಜೆಟ್ ಪ್ಲೇಟ್ ಯಾವ ದಿಕ್ಕಿನಲ್ಲಿತ್ತು ಅಂತ ಆಮೇಲೆ ನೆನಪಿರುವುದಿಲ್ಲ. ಗೀರುಗಳನ್ನು ಮೃದುವಾದ ಟೂತ್‌ಬ್ರಷ್, ಪಾತ್ರೆ ತೊಳೆಯುವ ಲಿಕ್ವಿಡ್‌ನ ಒಂದೆರಡು ಹನಿ ಹಾಕಿ ಉಜ್ಜಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆಯಿರಿ. ನಿಕಲ್ ಲೇಪನ ಇದ್ದರೆ ವಿನೆಗರ್ ಬೇಡ. ಅಕ್ರಿಲಿಕ್ ಭಾಗಗಳಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಲೇಬೇಡಿ, ಸಣ್ಣ ಬಿರುಕು ಬಿಡುತ್ತದೆ. ಹಳೆ ಪೇಸ್ಟ್ ಒರೆಸುವಾಗ ಇದನ್ನು ಮರೆಯುವವರು ಬಹಳ.

ಹೊಸ ರೇಡಿಯೇಟರ್ ಒಳಗೆ ಕಾರ್ಖಾನೆಯ ಬೆಸುಗೆಯ ಫ್ಲಕ್ಸ್, ಲೋಹದ ಚೂರು ಉಳಿದಿರುತ್ತವೆ. ಬಿಸಿ ಡಿಸ್ಟಿಲ್ಡ್ ವಾಟರನ್ನು ಅರ್ಧದಷ್ಟು ತುಂಬಿ, ಎರಡೂ ಪೋರ್ಟ್ ಮುಚ್ಚಿ, ಚೆನ್ನಾಗಿ ಕುಲುಕಿ. ಬಿಳಿ ಬಟ್ಟಲಿಗೆ ಸುರಿದು ನೋಡಿ. ಕಸ ಬರುವುದು ನಿಲ್ಲುವವರೆಗೂ ಮತ್ತೆ ಮತ್ತೆ ಮಾಡಿ. ಈ ಕೆಲಸ ಬೇಜಾರು ತರಿಸುತ್ತದೆ, ಆದರೂ ಇಲ್ಲಿ ಉಳಿಸಿದ ಅರ್ಧ ಗಂಟೆ ಆಮೇಲೆ ಬ್ಲಾಕ್ ಕಟ್ಟಿಕೊಂಡು ಒಂದು ಇಡೀ ಭಾನುವಾರ ತಿನ್ನುತ್ತದೆ.

ಜೋಡಣೆ

ರೇಡಿಯೇಟರ್ ಕೂರಿಸುವಾಗ ಸ್ಕ್ರೂ ಉದ್ದ ನೋಡಿಕೊಳ್ಳಿ. ಉದ್ದದ ಸ್ಕ್ರೂ ಒಳಗಿನ ನೀರಿನ ಕೊಳವೆಗೇ ತೂತು ಮಾಡುತ್ತದೆ. ಸಾಧ್ಯವಾದರೆ ಮುಂದಿನ ರೇಡಿಯೇಟರ್ ಹೊರಗಿನ ತಂಪು ಗಾಳಿ ಎಳೆಯಲಿ, ಮೇಲಿನದು ಹೊರಗೆ ತಳ್ಳಲಿ. ರಿಸರ್ವಾಯರ್ ಪಂಪಿಗಿಂತ ಮೇಲೆ ಇರಬೇಕು. ಡಿ5 ಪಂಪಿನ ಬೇರಿಂಗ್‌ಗೆ ಹರಿಯುವ ನೀರೇ ಎಣ್ಣೆ ಇದ್ದಂತೆ, ಒಣಗಿ ಓಡಿದರೆ ಹಾಳಾಗುತ್ತದೆ.

ಪೇಸ್ಟ್ ಚಿಪ್ಪಿನ ಮೂಲೆ ಮೂಲೆಗೂ ತಲುಪಬೇಕು. ಎಕ್ಸ್ ಆಕಾರದಲ್ಲಿ ಹಾಕಿದರೆ ಸಾಕು. ಬ್ಲಾಕಿನ ಸ್ಕ್ರೂಗಳನ್ನು ಕರ್ಣದ ಕ್ರಮದಲ್ಲಿ, ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಬ್ಲಾಕಿನ ಮೇಲೆ ಒಳಬರುವ ಪೋರ್ಟ್, ಹೊರಹೋಗುವ ಪೋರ್ಟ್ ಗುರುತು ಇರುತ್ತದೆ. ರೇಡಿಯೇಟರ್‌ನಲ್ಲಿ ಉಲ್ಟಾ ಆದರೂ ನಡೆಯುತ್ತದೆ, ಸಿಪಿಯು ಬ್ಲಾಕಿನಲ್ಲಿ ಉಲ್ಟಾ ಆದರೆ ತಾಪಮಾನ ಏರುತ್ತದೆ.

ಟ್ಯೂಬನ್ನು ನೇರವಾಗಿ, ಓರೆಯಿಲ್ಲದೆ ಕತ್ತರಿಸಿ. ಫಿಟಿಂಗ್ ಕೈಯಲ್ಲೇ ಬಿಗಿಯಿರಿ. ಸೋರಿಕೆ ತಡೆಯುವುದು ಓ-ರಿಂಗ್, ಬಲ ಅಲ್ಲ. ಸ್ಪ್ಯಾನರ್ ಹಾಕಿ ತಿರುವಿದರೆ ಓ-ರಿಂಗ್ ಹಿಸುಕಿ ಹೊರಬರುತ್ತದೆ, ಅಕ್ರಿಲಿಕ್ ಥ್ರೆಡ್ ಸೀಳುತ್ತದೆ. ನೀರಿನ ಸೆನ್ಸರ್ ಇನ್ನೂ ಹಾಕಿಲ್ಲದಿದ್ದರೆ ಈಗ ಹಾಕಿ. ಕೆಳಗಿನ ಪೋರ್ಟಿನಲ್ಲಿ ಒಂದು ಡ್ರೇನ್ ವಾಲ್ವ್ ಕೂಡ ಕೂರಿಸಿಬಿಡಿ.

ಸೋರಿಕೆ ಪರೀಕ್ಷೆ

ನೀರು ಹಾಕುವ ಮೊದಲು ಗಾಳಿಯಲ್ಲಿ ಪರೀಕ್ಷಿಸುವುದು ಅತ್ಯಂತ ಸುರಕ್ಷಿತ ದಾರಿ. ಮೀಟರ್ ಇರುವ ಸಣ್ಣ ಕೈಪಂಪ್ ಸಿಗುತ್ತದೆ. ಲೂಪಿಗೆ ಸುಮಾರು 0.5 ಬಾರ್ ಗಾಳಿ ತುಂಬಿ ಅರ್ಧ ಗಂಟೆ ಬಿಡಿ. ಮುಳ್ಳು ಅಲ್ಲೇ ನಿಂತಿದ್ದರೆ ಸರಿ. ಇಳಿದರೆ ಒಂದೊಂದು ಫಿಟಿಂಗ್‌ಗೂ ಸೋಪಿನ ನೀರು ಹಚ್ಚುವ ಬದಲು ಬಿಚ್ಚಿ ಓ-ರಿಂಗ್ ನೋಡಿ. ಬೋರ್ಡಿನ ಮೇಲೆ ಸೋಪು ಬೀಳುವುದು ಬೇಡ.

ಈ ಪಂಪ್ ಇಲ್ಲದಿದ್ದರೆ ನೀರು ತುಂಬಿ, ಎಲ್ಲ ಫಿಟಿಂಗ್ ಕೆಳಗೆ ಟಿಶ್ಯೂ ಪೇಪರ್ ಇಟ್ಟು, ಪಂಪ್ ಮಾತ್ರ 24 ಗಂಟೆ ಓಡಿಸಬೇಕು (ಹೇಗೆ ಅಂತ ಮುಂದಿನ ಭಾಗದಲ್ಲಿದೆ). ಟಿಶ್ಯೂ ಒದ್ದೆಯಾದ ಕಲೆ ಬೇಗ ತೋರಿಸುತ್ತದೆ.

ನೀರು ತುಂಬುವುದು

ನಲ್ಲಿ ನೀರು, ಬೋರ್‌ವೆಲ್ ನೀರು, ಮನೆಯ ಆರ್‌ಒ ನೀರು ಯಾವುದೂ ಬೇಡ. ಆರ್‌ಒ ನೀರಿನಲ್ಲೂ ಲವಣ ಉಳಿದಿರುತ್ತದೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್‌ನ ಗುಣಮಟ್ಟ ಕ್ಯಾನಿನಿಂದ ಕ್ಯಾನಿಗೆ ಬದಲಾಗುತ್ತದೆ. ಲ್ಯಾಬ್ ಕೆಮಿಕಲ್ ಮಾರುವ ಅಂಗಡಿಯದ್ದು ಒಳ್ಳೆಯದು. ಅದಕ್ಕೆ ತುಕ್ಕು ತಡೆಯುವ ಮತ್ತು ಪಾಚಿ ತಡೆಯುವ ದ್ರಾವಣ ಸೇರಿಸಬೇಕು. ಎರಡೂ ಬೆರೆಸಿರುವ ರೆಡಿ ಕೂಲೆಂಟ್ ತಂದರೆ ಇನ್ನೂ ಸಲೀಸು. ಮುತ್ತಿನ ಹೊಳಪಿನ, ಬಣ್ಣದ ಕಣ ತೇಲುವ ಕೂಲೆಂಟ್ ಫೋಟೋಗೆ ಚೆಂದ, ಆದರೆ ಕಣಗಳು ಬ್ಲಾಕಿನ ಗೀರುಗಳಲ್ಲಿ ಕೂರುತ್ತವೆ. ಓವರ್‌ಕ್ಲಾಕಿಂಗ್‌ಗೆ ಬಣ್ಣವಿಲ್ಲದ್ದೇ ಸರಿ.

ಮದರ್‌ಬೋರ್ಡ್, ಸಿಪಿಯು, ಗ್ರಾಫಿಕ್ಸ್ ಕಾರ್ಡಿನ ಎಲ್ಲ ಪವರ್ ಕೇಬಲ್ ಕಿತ್ತಿಡಿ. ಎಸ್‌ಎಂಪಿಎಸ್‌ನ 24 ಪಿನ್ ಕನೆಕ್ಟರಿಗೆ ಜಂಪರ್ ಪ್ಲಗ್ (ಮದರ್‌ಬೋರ್ಡ್ ಇಲ್ಲದೆ ಎಸ್‌ಎಂಪಿಎಸ್ ಚಾಲೂ ಮಾಡುವ ಪ್ಲಗ್) ಹಾಕಿ, ಪಂಪಿಗೆ ಮಾತ್ರ ಕರೆಂಟ್ ಕೊಡಿ. ರಿಸರ್ವಾಯರ್ ತುಂಬಿ, ಎಸ್‌ಎಂಪಿಎಸ್ ಸ್ವಿಚ್ಚನ್ನು ಎರಡು ಮೂರು ಸೆಕೆಂಡ್ ಹಾಕಿ ಆರಿಸಿ. ನೀರು ಇಳಿಯುತ್ತದೆ. ಪೂರ್ತಿ ಖಾಲಿಯಾಗುವ ಮೊದಲೇ ನಿಲ್ಲಿಸಿ, ಮತ್ತೆ ತುಂಬಿ. ಲೂಪ್ ತುಂಬಿದ ಮೇಲೆ ಪಂಪ್ ಓಡುತ್ತಿರುವಾಗಲೇ ಕ್ಯಾಬಿನೆಟ್ಟನ್ನು ಮುಂದೆ, ಹಿಂದೆ, ಪಕ್ಕಕ್ಕೆ ನಿಧಾನವಾಗಿ ಓರೆ ಮಾಡಿ. ರೇಡಿಯೇಟರ್ ಮೂಲೆಯಲ್ಲಿ ಅಡಗಿದ ಗಾಳಿ ಗುಳುಗುಳು ಅಂತ ಹೊರಬರುತ್ತದೆ. ಸಣ್ಣ ಗುಳ್ಳೆಗಳು ಹೋಗಲು ಒಂದೆರಡು ದಿನ ಬೇಕಾಗಬಹುದು.

ಫ್ಯಾನ್‌ಗಳನ್ನು ನೀರಿಗೆ ಕಟ್ಟಿ

ಫ್ಯಾನ್ ವೇಗವನ್ನು ಕೋರ್ ತಾಪಮಾನಕ್ಕೆ ಕಟ್ಟಿದರೆ ಬ್ರೌಸರ್ ತೆರೆದಾಗಲೆಲ್ಲ ಬುಸ್ ಅನ್ನುತ್ತದೆ, ಸುಮ್ನೆ ಕಿರಿಕಿರಿ. ನೀರು ಅಷ್ಟು ಬೇಗ ಬದಲಾಗುವುದಿಲ್ಲ, ಫ್ಯಾನ್ ತಣ್ಣಗೆ ಮಾಡುವುದು ನೀರನ್ನೇ ಅಲ್ವಾ? ಬೆಂಗಳೂರಿನ ಹವೆಗೆ ನೀರು 32 ಇದ್ದಾಗ ಕನಿಷ್ಠ ವೇಗ, 42ಕ್ಕೆ ಪೂರ್ತಿ ವೇಗ ಇಡಬಹುದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕೋಣೆಯೇ 38 ಇರುವಾಗ ಈ ಎರಡೂ ಅಂಕಿಗಳನ್ನು ಮೇಲೆ ಸರಿಸಬೇಕು. ರೇಡಿಯೇಟರ್ ಎಷ್ಟೇ ದೊಡ್ಡದಿರಲಿ, ನೀರು ಕೋಣೆಯ ಗಾಳಿಗಿಂತ ತಣ್ಣಗಾಗುವುದಿಲ್ಲ. ನೀರು 50 ದಾಟಿದರೆ ಎಚ್ಚರಿಕೆ ಬರುವಂತೆ, 55ಕ್ಕೆ ಕಂಪ್ಯೂಟರ್ ಆಫ್ ಆಗುವಂತೆ ಇಡಿ. ಹೆಚ್ಚಿನ ಪಂಪ್‌ಗಳಿಗೆ 60 ಡಿಗ್ರಿ ಮಿತಿ.

ಕೆಲವರು ಐಸ್ ಅಥವಾ ಚಿಲ್ಲರ್ ಹಾಕಿ ನೀರನ್ನು ಇನ್ನೂ ತಣ್ಣಗೆ ಮಾಡಲು ನೋಡುತ್ತಾರೆ. ಮಂಗಳೂರಿನ ಮಳೆಗಾಲದಲ್ಲಿ ಗಾಳಿಯ ತೇವಾಂಶ 24-25 ಡಿಗ್ರಿಯಲ್ಲೇ ಹನಿಗಟ್ಟುತ್ತದೆ. ಅದಕ್ಕಿಂತ ತಣ್ಣಗಿನ ಟ್ಯೂಬ್, ಬ್ಲಾಕ್ ಮೇಲೆ ನೀರು ಬೆವರಿ ಬೋರ್ಡಿಗೆ ಇಳಿಯುತ್ತದೆ. ದಿನಬಳಕೆಯ ಕಂಪ್ಯೂಟರಿಗೆ ಇದು ಬೇಡ.

ಈಗ ಓವರ್‌ಕ್ಲಾಕ್

ಇಂಟೆಲ್ 13 ಮತ್ತು 14ನೇ ತಲೆಮಾರಿನ ಚಿಪ್ ಇದ್ದರೆ ಮೊದಲು ಬಯೋಸ್ ಅಪ್‌ಡೇಟ್ ಮಾಡಿ. ಹೆಚ್ಚಿನ ವೋಲ್ಟೇಜ್‌ನಿಂದ ಈ ಚಿಪ್‌ಗಳು ಹಾಳಾಗುತ್ತಿದ್ದದ್ದನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡಿತು. ಅದಕ್ಕೆ ಅದೇ ವರ್ಷ 0ಎಕ್ಸ್129, 0ಎಕ್ಸ್12ಬಿ ಮೈಕ್ರೋಕೋಡ್ (ಬಯೋಸ್ ಜೊತೆ ಬರುವ, ಚಿಪ್ಪಿನ ಒಳಗಿನ ಸಾಫ್ಟ್‌ವೇರ್) ಬಿಡುಗಡೆ ಮಾಡಿತು. ನಿಮ್ಮ ಬಯೋಸ್‌ನಲ್ಲಿ ಇವುಗಳಲ್ಲಿ ಎರಡನೆಯದು ಅಥವಾ ಅದಕ್ಕಿಂತ ಹೊಸದು ಇರಬೇಕು. ಎಷ್ಟೇ ಒಳ್ಳೆಯ ಕೂಲಿಂಗ್ ಇದ್ದರೂ ಅತಿಯಾದ ವೋಲ್ಟೇಜ್ ಚಿಪ್ಪನ್ನು ತಿನ್ನುತ್ತದೆ.

ಮೊದಲು ಏನೂ ಬದಲಿಸದೆ ಹಳೆಯ ಪರೀಕ್ಷೆಯನ್ನೇ ಮತ್ತೆ ಓಡಿಸಿ, ಮೂರೂ ಅಂಕಿ ಬರೆಯಿರಿ. ಅಪ್‌ಗ್ರೇಡ್ ಎಷ್ಟು ಕೊಟ್ಟಿತು ಅಂತ ಇಲ್ಲೇ ಗೊತ್ತಾಗುತ್ತದೆ. ಬ್ಲಾಕಿನ ಕಡೆಯ ಅಂತರ ಮೊದಲಿಗಿಂತ ಜಾಸ್ತಿ ಬಂದರೆ ಬ್ಲಾಕ್ ಸರಿಯಾಗಿ ಕೂತಿಲ್ಲ, ಮುಂದೆ ಹೋಗದೆ ಅದನ್ನು ಬಿಚ್ಚಿ ಕೂರಿಸಿ.

ಆಮೇಲೆ ಬಯೋಸ್‌ನಲ್ಲಿ ಮಲ್ಟಿಪ್ಲೈಯರ್ (ಸಿಪಿಯು ವೇಗ ನಿಗದಿ ಮಾಡುವ ಗುಣಕ) ಒಂದು ಹೆಜ್ಜೆ ಏರಿಸಿ, ವೋಲ್ಟೇಜ್ ಹಾಗೇ ಬಿಡಿ. ಸಿನಿಬೆಂಚ್ ಹತ್ತು ನಿಮಿಷ. ದಾಟಿದರೆ ಇನ್ನೊಂದು ಹೆಜ್ಜೆ. ಕ್ರ್ಯಾಶ್ ಆಗಿ ಬಿದ್ದರೆ ವೋಲ್ಟೇಜನ್ನು 0.01 ಅಥವಾ 0.02 ವೋಲ್ಟ್‌ನಷ್ಟು ಏರಿಸಿ. ಎಚ್‌ಡಬ್ಲ್ಯುಇನ್ಫೋದಲ್ಲಿ ವಿಯಾ (WHEA, ವಿಂಡೋಸ್ ದಾಖಲಿಸುವ ಹಾರ್ಡ್‌ವೇರ್ ದೋಷ) ಎರರ್ ಸಾಲನ್ನು ನೋಡುತ್ತಿರಿ. ಪರೀಕ್ಷೆ ದಾಟಿದರೂ ಅಲ್ಲಿ ಒಂದು ಎರರ್ ಬಂದಿದ್ದರೆ ಆ ಸೆಟ್ಟಿಂಗ್ ಗಟ್ಟಿ ಇಲ್ಲ ಅಂತಲೇ ಅರ್ಥ. ಕೊನೆಗೆ ಒಸಿಸಿಟಿ ಅಥವಾ ವೈ-ಕ್ರಂಚರ್ ಒಂದು ಗಂಟೆ ಓಡಿಸಿ. ರೈಜನ್‌ನವರಿಗೆ ಎಲ್ಲ ಕೋರ್‌ಗೆ ಒಂದೇ ವೇಗ ಕಟ್ಟುವುದಕ್ಕಿಂತ ಪಿಬಿಒ (ಚಿಪ್ ತಾನೇ ವೇಗ ಏರಿಸಿಕೊಳ್ಳಲು ಬಿಡುವ ಎಎಂಡಿ ಸೆಟ್ಟಿಂಗ್) ಹಾಕಿ, ಕರ್ವ್ ಆಪ್ಟಿಮೈಜರ್‌ನಲ್ಲಿ ವೋಲ್ಟೇಜ್ ಇಳಿಸುವ ದಾರಿಯೇ ಜಾಸ್ತಿ ಫಲ ಕೊಡುತ್ತದೆ.

ಎಲ್ಲಿ ನಿಲ್ಲಿಸಬೇಕು? ಡಿಸೆಂಬರ್‌ನಲ್ಲಿ ಟ್ಯೂನ್ ಮಾಡುತ್ತಿದ್ದರೆ ಏಪ್ರಿಲ್‌ನ ಲೆಕ್ಕ ಹಾಕಿ. ಕೋಣೆ 24 ಇದ್ದಾಗ ಕೋರ್ 88 ಬಂದರೆ, 36ರ ಕೋಣೆಯಲ್ಲಿ 100 ಮುಟ್ಟಿ ಚಿಪ್ ತಾನೇ ವೇಗ ಇಳಿಸುತ್ತದೆ. ಚಳಿಗಾಲದಲ್ಲಿ 80ರ ಒಳಗೆ ಇರುವ ಸೆಟ್ಟಿಂಗನ್ನೇ ವರ್ಷಪೂರ್ತಿಗೆ ಇಟ್ಟುಕೊಳ್ಳಿ. ಇಲ್ಲವೇ ಬಯೋಸ್‌ನಲ್ಲಿ ಬೇಸಿಗೆಗೆ, ಚಳಿಗಾಲಕ್ಕೆ ಎರಡು ಪ್ರೊಫೈಲ್ ಉಳಿಸಿಡಿ.

ಆಮೇಲಿನ ಆರೈಕೆ

ಮೊದಲ ತಿಂಗಳು ವಾರಕ್ಕೊಮ್ಮೆ ರಿಸರ್ವಾಯರ್ ಮಟ್ಟ ನೋಡಿ. ಗಾಳಿ ಹೊರಬಂದಂತೆ ಸ್ವಲ್ಪ ಇಳಿಯುವುದು ಸಹಜ. ಧೂಳಿನ ಊರಾದರೆ ಎರಡು ತಿಂಗಳಿಗೊಮ್ಮೆ ಫಿಲ್ಟರ್ ತೊಳೆದು ರೇಡಿಯೇಟರ್‌ಗೆ ಬ್ಲೋವರ್ ಹಿಡಿಯಿರಿ. ಆಗ ಫ್ಯಾನ್ ರೆಕ್ಕೆಯನ್ನು ಬೆರಳಿನಲ್ಲಿ ತಡೆದುಕೊಳ್ಳಿ. ಕೂಲೆಂಟ್ ವರ್ಷಕ್ಕೊಮ್ಮೆ ಬದಲಿಸಿ. ಮೂರು ತಿಂಗಳಿಗೊಮ್ಮೆ ಅದೇ ಪರೀಕ್ಷೆ ಓಡಿಸಿ ಎರಡು ಅಂತರಗಳನ್ನೂ ಹಳೆಯ ಪಟ್ಟಿಯ ಪಕ್ಕ ಬರೆಯಿರಿ. ನೀರು-ಗಾಳಿ ಅಂತರ ಏರಿದ್ದರೆ ಧೂಳು ತೆಗೆಯುವ ಸಮಯ. ಕೋರ್-ನೀರು ಅಂತರ ಏರಿದ್ದರೆ ಬ್ಲಾಕ್ ಬಿಚ್ಚಿ ನೋಡುವ ಸಮಯ.